ಜನವರಿ ಚಳಿಯಲ್ಲಿ ನಂದಿ, ಘಾಟಿ, ನಡುವೆ 40 ಕಿ.ಮೀ ಮಣ್ಣು ದಾರಿ. ಗುಂಪಿನ ಜೊತೆ ಹೋಗಲಾ?

ಹೆಬ್ಬಾಳದ ಹೈಬ್ರಿಡ್
ಜನವರಿ 2, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಎರಡು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರ ಹೆಬ್ಬಾಳದಿಂದ ದೇವನಹಳ್ಳಿಗೆ ಹೋಗಿ ಬರುವುದು ರೂಢಿ, ಸುಮಾರು 60 ಕಿ.ಮೀ. ನಂದಿ ಬೆಟ್ಟ ಮೂರು ಸಲ ಹತ್ತಿದ್ದೇನೆ, ಇಳಿದು ತಳ್ಳಿಲ್ಲ. ಆದರೆ ಇದೆಲ್ಲ ಡಾಂಬರು ರಸ್ತೆಯಲ್ಲಿ.

ಈ ತಿಂಗಳ ಮೂರನೇ ಭಾನುವಾರ ನಮ್ಮ ಕಡೆಯವರು ಒಂದು ದೊಡ್ಡ ಸುತ್ತು ಹೊರಟಿದ್ದಾರೆ, ನಾನೂ ಸೇರಿದರೆ ಎಂಟು ಜನ. ದೇವನಹಳ್ಳಿ ಕೋಟೆಯಿಂದ ಬೆಳಿಗ್ಗೆ 5.30ಕ್ಕೆ ಶುರು. ಆವತಿ ಕಡೆಯಿಂದ ಹೊಲದ ದಾರಿ, ಕೆರೆ ಏರಿ ಹಿಡಿದು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಆಮೇಲೆ ನಂದಿ ಬೆಟ್ಟ ಹತ್ತಿ ಇಳಿದು, ಹೆಗ್ಗಡಿಹಳ್ಳಿ ಮೇಲೆ ಘಾಟಿ ಸುಬ್ರಹ್ಮಣ್ಯ. ಅಲ್ಲಿಂದ ಮಾಕಳಿದುರ್ಗದ ಬುಡದ ಹಳ್ಳಿ ದಾರಿಗಳಲ್ಲಿ ದೊಡ್ಡಬಳ್ಳಾಪುರ, ಕೊನೆಗೆ ದೇವನಹಳ್ಳಿ. ಒಟ್ಟು ನೂರು ಕಿ.ಮೀ, ಅದರಲ್ಲಿ 40 ಮಣ್ಣು ದಾರಿ.

ನನ್ನದು ಹೈಬ್ರಿಡ್, ಅಂದರೆ ರಸ್ತೆ ಸೈಕಲ್‌ಗೂ ಮೌಂಟನ್ ಬೈಕ್‌ಗೂ ನಡುವಿನದು. 35 ಎಂಎಂ ಟೈರ್, ಒಳಗೆ ಮಾಮೂಲಿ ಟ್ಯೂಬ್. ಉಳಿದವರಲ್ಲಿ ಆರು ಜನರ ಹತ್ತಿರ ಮಣ್ಣು ದಾರಿಗೆಂದೇ ಇರುವ ಗ್ರಾವಲ್ ಸೈಕಲ್ ಅಥವಾ ಎಂಟಿಬಿ (ಮೌಂಟನ್ ಬೈಕ್) ಇದೆ. ಚಳಿಯಲ್ಲಿ ನನ್ನ ಬೆರಳು ಬೇಗ ಮರಗಟ್ಟುತ್ತದೆ. ಅದು ಒಂದು ಭಯ. ಇನ್ನೊಂದು ಭಯ ಗುಂಪಿನದು. ಹೋದ ವರ್ಷ ಬೇರೆ ಒಂದು ಗುಂಪಿನ ಜೊತೆ ಹೋಗಿದ್ದೆ. "ಯಾರನ್ನೂ ಬಿಟ್ಟು ಹೋಗುವುದಿಲ್ಲ" ಎಂದು ಮೊದಲೇ ಹೇಳಿದ್ದರು. ಪ್ರತಿ ತಿರುವಿನಲ್ಲೂ ಕಾದರು ಕೂಡ. ಆದರೆ ನಾನು ಬಂದು ಮುಟ್ಟಿದ ಕೂಡಲೇ "ಹೊರಡೋಣ" ಅನ್ನುತ್ತಿದ್ದರು. ಅವತ್ತು ನಾನು ಒಂದು ಸಲವೂ ಕೂರಲಿಲ್ಲ. ಕೊನೆಗೆ ಕಾಲು ಸೆಳೆತ ಬಂದು ಟೆಂಪೊದಲ್ಲಿ ವಾಪಸ್ ಬಂದೆ. ಈ ಸಲವೂ ನಾನೇ ಕೊನೆಯವಳು ಅನ್ನುವುದು ಗೊತ್ತೇ ಇದೆ. ಹೋಗಲಾ, ಬೇಡವಾ?

ಕೆಂಪುಮಣ್ಣು
ಜನವರಿ 2, ರಾತ್ರಿ 10.45

ಅಕ್ಕ, ಹೋಗಿ. ನಂದಿ ಮೂರು ಸಲ ಹತ್ತಿದವರಿಗೆ ಈ ದಾರಿಯ ಏರು ಹೊಸದಲ್ಲ. ಬುಡದಿಂದ ಆ ಏಳೂವರೆ ಎಂಟು ಕಿ.ಮೀ ನಿಮಗೆ ಗೊತ್ತು. ಗೊತ್ತಿಲ್ಲದಿರುವುದು ಬೆಳಗಿನ ಮೊದಲ ಒಂದೂವರೆ ಗಂಟೆ.

ಎಲ್ಲರೂ ಬೆಟ್ಟದ ಮೇಲೆ ಚಳಿ ಎಂದು ಜಾಕೆಟ್ ಬ್ಯಾಗಿನಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ಜನವರಿಯ ಶುಭ್ರ ಆಕಾಶದ ರಾತ್ರಿಯಲ್ಲಿ ಅದು ತಲೆಕೆಳಗಾಗಿರುತ್ತದೆ. ಗಾಳಿ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಕಡೆ ತಗ್ಗು ಅಂದರೆ ಕೆರೆ ಅಂಗಳ. ಸ್ಕಂದಗಿರಿ ಮೇಲಿಂದ ಜನ ಫೋಟೊ ತೆಗೆಯುವ ಆ ಮೋಡದ ಸಮುದ್ರ ಇದೆಯಲ್ಲ, ಅದರ ತಳದಲ್ಲಿ ನೀವು ಸೈಕಲ್ ತುಳಿಯುತ್ತಿರುತ್ತೀರಿ. ಏರಿಯಿಂದ ಅಂಗಳಕ್ಕೆ ಇಳಿದ ತಕ್ಷಣ ಯಾರೋ ಫ್ರಿಜ್ ಬಾಗಿಲು ತೆಗೆದ ಹಾಗೆ ಆಗುತ್ತದೆ. ಕೈಗವಸು, ಕಿವಿ ಮುಚ್ಚುವ ಬಟ್ಟೆ ಎರಡೂ ಮೊದಲ ಪೆಡಲ್‌ನಿಂದಲೇ ಇರಲಿ.

ಸೂರ್ಯ ಹುಟ್ಟುವುದು 6.45ರ ಹತ್ತಿರ. ಅಂದರೆ ಒಂದು ಗಂಟೆಗೂ ಜಾಸ್ತಿ ಕತ್ತಲೆಯಲ್ಲಿ ಮಣ್ಣು ದಾರಿ. ಒಂದು ಲೈಟ್ ಹ್ಯಾಂಡಲ್‌ಗೆ, ಒಂದು ಹೆಲ್ಮೆಟ್‌ಗೆ ಕಟ್ಟಿ. ಬರೀ ಹ್ಯಾಂಡಲ್ ಲೈಟ್ ಆದರೆ ತಿರುವಿನಲ್ಲಿ ಬೆಳಕು ಎಲ್ಲೋ, ದಾರಿ ಎಲ್ಲೋ ಆಗುತ್ತದೆ. ಮಂಜು ದಟ್ಟ ಇದ್ದರೆ ಹೆಲ್ಮೆಟ್ ಲೈಟ್ ಆರಿಸಿ, ಬೆಳಕು ಕಣ್ಣಿಗೇ ವಾಪಸ್ ಹೊಡೆಯುತ್ತದೆ.

ನಂದಿ ಮೇಲಿನ ಕೊನೆಯ ತಿರುವುಗಳಲ್ಲಿ ಮರದಿಂದ ಮಂಜು ತೊಟ್ಟಿಕ್ಕಿ ರಸ್ತೆ ಒದ್ದೆ ಇರುತ್ತದೆ. ಮಳೆ ಬಂದಿಲ್ಲವಲ್ಲ ಎಂದು ಇಳಿಯುವಾಗ ಮೈಮರೆಯಬೇಡಿ. ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ, ಮುಂಚೆಯೇ ಹಿಡಿದು ಬಿಡಿ.

ಗುಂಪಿನ ವಿಷಯ ನಾಳೆ ಬರೆಯುತ್ತೇನೆ. ನಿದ್ದೆ ಬರುತ್ತಿದೆ.

ಚೈನ್ ಎಣ್ಣೆ
ಜನವರಿ 3, ಬೆಳಿಗ್ಗೆ 8.20

ಮೇಡಂ, ಯಲಹಂಕದಲ್ಲಿ ಸೈಕಲ್ ರಿಪೇರಿ ಮಾಡುತ್ತೇನೆ. ಟೈರ್ ಬಗ್ಗೆ ಎರಡು ಮಾತು.

ಜನವರಿಯಲ್ಲಿ ನನ್ನ ಹತ್ತಿರ ಬರುವ ಪಂಕ್ಚರ್‌ಗಳಲ್ಲಿ ಜಾಸ್ತಿ ನೆಗ್ಗಿಲು ಮುಳ್ಳಿನದು. ಮಳೆಗಾಲದಲ್ಲಿ ನೆಲಕ್ಕೆ ಹಬ್ಬಿದ ಬಳ್ಳಿ ಈಗ ಒಣಗಿ ಕಾಯಿ ಉದುರಿರುತ್ತದೆ. ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಸೈಕಲ್ ನಿಲ್ಲಿಸಲು ದಾರಿ ಪಕ್ಕದ ಒಣ ಹುಲ್ಲಿಗೆ ಇಳಿಯಬೇಡಿ, ಎತ್ತಿಕೊಂಡು ಹೋಗಿ. ಬೇಲಿಗೆ ಕಡಿದು ಹಾಕಿದ ಬಳ್ಳಾರಿ ಜಾಲಿ ಇನ್ನೊಂದು. ಅದರ ಮುಳ್ಳು ಟೈರ್ ಒಳಗೇ ಮುರಿದುಕೊಂಡು ಕೂರುತ್ತದೆ. ಟ್ಯೂಬ್ ಬದಲಿಸುವ ಮುಂಚೆ ಟೈರ್ ಒಳಗೆ ಬೆರಳಾಡಿಸಿ ನೋಡದಿದ್ದರೆ ಹತ್ತು ನಿಮಿಷಕ್ಕೆ ಹೊಸ ಟ್ಯೂಬ್ ಕೂಡ ಹೋಗುತ್ತದೆ.

ನಿಮ್ಮ ತೂಕ 60 ಕೆ.ಜಿ ಆಸುಪಾಸು ಎಂದುಕೊಂಡರೆ ಟೈರ್‌ಗೆ ಗಾಳಿ ಹಿಂದೆ 50, ಮುಂದೆ 45 ಪಿಎಸ್‌ಐ ಸಾಕು. ರಸ್ತೆಗೆ ಹಾಕುವ ಹಾಗೆ 70 ಹಾಕಿದರೆ ಕಲ್ಲಿನ ಮೇಲೆ ಸೈಕಲ್ ಕುಣಿಯುತ್ತದೆ, ಕೈ ಸೋತುಹೋಗುತ್ತದೆ. ಹಾಗೆಂದು 40ಕ್ಕಿಂತ ಕೆಳಗೂ ಬೇಡ. ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಮೂರು ಟ್ಯೂಬ್ ಇಟ್ಟುಕೊಳ್ಳಿ. ಜೊತೆಗೆ ನಿಮ್ಮ ಸೈಕಲ್‌ಗೆ ಹೊಂದುವ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮ್‌ಗೆ ಹಿಡಿದಿಡುವ ಸಣ್ಣ ತುಂಡು) ಒಂದು. ಅದು ಪ್ರತಿ ಮಾಡೆಲ್‌ಗೂ ಬೇರೆ ಬೇರೆ, ಗೆಳೆಯರದು ನಿಮಗೆ ಆಗುವುದಿಲ್ಲ. ಯಾಕೆ ಹೇಳುತ್ತಿದ್ದೇನೆ ಅಂದರೆ ಈಗ ರಸ್ತೆ ತುಂಬ ಹುಲ್ಲು.

ಕಣದ ಮನೆ
ಜನವರಿ 3, ಮಧ್ಯಾಹ್ನ 1.05

ಅದೇ ಹುಲ್ಲಿನ ಬಗ್ಗೆ ನಾನೂ ಹೇಳಬೇಕು. ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು. ಈಗ ರಾಗಿ ಒಕ್ಕಣೆ ಸಮಯ. ಕೊಯ್ದು ಮೆದೆ ಹಾಕಿದ್ದ ರಾಗಿಯನ್ನು ರಸ್ತೆಗೆ ಹರಡಿರುತ್ತಾರೆ, ವಾಹನ ಓಡಾಡಿ ಕಾಳು ಉದುರಲಿ ಎಂದು. ಹುರುಳಿ ಕೂಡ ಹಾಗೇ. ತಪ್ಪು ಅಂತ ನಮಗೂ ಗೊತ್ತು. ಕಾರಿನ ಅಡಿಗೆ ಹುಲ್ಲು ಸುತ್ತಿ ಬೆಂಕಿ ಹತ್ತಿದ್ದೂ ಇದೆ. ಆದರೆ ಮುಂಚೆ ಊರಿಗೆ ಹತ್ತು ಕಣ ಇದ್ದವು. ಸಗಣಿ ಸಾರಿಸಿ, ಗುಂಡು ಕಟ್ಟಿ ಎತ್ತು ತಿರುಗಿಸುತ್ತಿದ್ದರು. ಈಗ ಎತ್ತೂ ಇಲ್ಲ, ಆಳೂ ಸಿಗುವುದಿಲ್ಲ, ಕಣದ ಜಾಗ ಎಷ್ಟೋ ಕಡೆ ಸೈಟ್ ಆಗಿದೆ. ಎರಡೆಕರೆ ರಾಗಿಗೆ ಒಕ್ಕುವ ಯಂತ್ರ ಕರೆಸುವುದು ಎಲ್ಲರಿಗೂ ಆಗುವುದಿಲ್ಲ.

ಸೈಕಲ್‌ನವರಿಗೆ ನನ್ನ ಕೋರಿಕೆ ಇಷ್ಟೇ. ರಾಗಿ ಹಾಸು ಕಂಡರೆ ಇಳಿದು, ಸೈಕಲ್ ಎತ್ತಿಕೊಂಡು ಅಂಚಿನಲ್ಲಿ ನಡೆಯಿರಿ. ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲು ಸೋಪಿನ ಹಾಗೆ ಜಾರುತ್ತದೆ. ಒಣಗಿದ ಮೇಲೆ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಅಲ್ಲಿ ಯಾರಾದರೂ ವಯಸ್ಸಾದವರು ಕೂತಿದ್ದರೆ ಒಂದು ಮಾತಾಡಿಸಿ. ಅವರಿಗೂ ವರ್ಷದ ಅನ್ನ ಅದು.

ಇನ್ನೊಂದು. ಘಾಟಿಯಲ್ಲಿ ಪುಷ್ಯ ಶುದ್ಧ ಷಷ್ಠಿಗೆ ತೇರು. ಅದಕ್ಕೂ ಮುಂಚೆಯೇ ದನಗಳ ಜಾತ್ರೆ ಕೂಡುತ್ತದೆ. ನಿಮ್ಮ ಭಾನುವಾರ ಆ ದಿನಗಳಲ್ಲಿ ಬಂದರೆ ರಸ್ತೆಯಲ್ಲಿ ಸೈಕಲ್‌ಗೆ ಜಾಗ ಇರುವುದಿಲ್ಲ, ಪಂಚಾಂಗ ನೋಡಿ ಹೊರಡಿ. ಹಳ್ಳಿಕಾರ್ ಎತ್ತುಗಳನ್ನು ನೋಡುವ ಆಸೆ ಇದ್ದರೆ ಮಾತ್ರ ಅದೇ ದಿನ ಬನ್ನಿ.

ಎದುರು ಗಾಳಿ
ಜನವರಿ 3, ಸಂಜೆ 6.30

ನಾನು ಆ ಎಂಟು ಜನರಲ್ಲಿ ಒಬ್ಬ. ಮೇಡಂ ಬಂದರೆ ನನಗೆ ಸಂತೋಷ. ಆದರೂ ಒಂದು ಮಾತು ಮುಂಚೆಯೇ ನೇರವಾಗಿ ಹೇಳುವುದು ಒಳ್ಳೆಯದು. ಬೇಸಿಗೆಯಲ್ಲಿ ಅರ್ಧ ಗಂಟೆ ಕಾಯುವುದು ಕಷ್ಟವಲ್ಲ. ಚಳಿಗಾಲದಲ್ಲಿ ಏರು ಹತ್ತಿ ಬೆವರಿ, ಒದ್ದೆ ಬಟ್ಟೆಯಲ್ಲಿ ಬೆಟ್ಟದ ತುದಿಯಲ್ಲಿ ನಿಂತರೆ ಮೈ ಕೊರೆಯುತ್ತದೆ, ಮಾಂಸಖಂಡ ಹಿಡಿದುಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಎಲ್ಲರ ಫೋನಿನಲ್ಲೂ ದಾರಿಯ ಮ್ಯಾಪ್ ಇರಲಿ, ಅವರವರ ವೇಗದಲ್ಲಿ ಹೋಗಲಿ, ಊಟಕ್ಕೆ ಸೇರೋಣ. ಇದರಲ್ಲಿ ಅಗೌರವ ಏನೂ ಇಲ್ಲ.

ಕೆಂಪುಮಣ್ಣು
ಜನವರಿ 3, ರಾತ್ರಿ 9.50

ಡಾಂಬರಿನಲ್ಲಾದರೆ ಒಪ್ಪುತ್ತಿದ್ದೆ. ಮಾಕಳಿದುರ್ಗದ ಕಡೆ ನೀಲಗಿರಿ ತೋಪಿನಲ್ಲಿ ದಾರಿ ಮೂರಾಗಿ ಒಡೆಯುತ್ತದೆ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಈ ಬೆಟ್ಟಸಾಲಿನಲ್ಲಿ ಚಿರತೆ ಓಡಾಟ ಇದೆ. ಅಲ್ಲಿ ಒಬ್ಬರೇ ಪಂಕ್ಚರ್ ಹಾಕುತ್ತಾ ಕೂರುವುದು ಬೇಡ. ಕನಿಷ್ಠ ಇಬ್ಬರು ಯಾವಾಗಲೂ ಜೊತೆಗಿರಬೇಕು. (ಮಾಕಳಿದುರ್ಗದ ಬೆಟ್ಟ ಹತ್ತುವುದಾದರೆ ಮುಂಚೆಯೇ ಬುಕ್ ಮಾಡಬೇಕು. ನೀವು ಬುಡದ ಹಳ್ಳಿ ದಾರಿಯಲ್ಲೇ ಹೋಗುತ್ತಿರುವುದರಿಂದ ಅದರ ಚಿಂತೆ ಇಲ್ಲ. ಅರಣ್ಯದ ಬೇಲಿ ಒಳಗೆ ಮಾತ್ರ ನುಗ್ಗಬೇಡಿ.)

ಚಳಿಯಲ್ಲಿ ಕಾಯುವುದು ಕಷ್ಟ ಅನ್ನುವುದು ನಿಜ. ಹಾಗಾದರೆ ತುದಿಯಲ್ಲಿ ಯಾಕೆ ಕಾಯಬೇಕು? ಬಿಸಿಲು ಬಿದ್ದ ಕಡೆ, ಗಾಳಿ ತಡೆಯುವ ಗೋಡೆಯ ಮರೆ, ಟೀ ಅಂಗಡಿ, ಇವೆಲ್ಲ ಯಾಕಿವೆ?

ಹಿಮದೂರ ಕನ್ನಡಿಗ
ಜನವರಿ 4, ಬೆಳಿಗ್ಗೆ 7.15

ಅಮೆರಿಕದ ಮಿನಿಯಾಪೊಲಿಸ್‌ನಿಂದ ಬರೆಯುತ್ತಿದ್ದೇನೆ. ಹುಟ್ಟೂರು ತುಮಕೂರು. ಇಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇದ್ದಾಗಲೂ ಮೊಳೆ ಟೈರ್ ಹಾಕಿ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುತ್ತೇನೆ. ಆದರೆ ನನಗೆ ಜೀವನದಲ್ಲಿ ಅತಿ ಜಾಸ್ತಿ ಚಳಿ ಆಗಿದ್ದು ರಜೆಗೆ ಊರಿಗೆ ಬಂದಾಗ, ದೇವರಾಯನದುರ್ಗ ಇಳಿಯುವಾಗ. ತೆಳ್ಳನೆಯ ಹತ್ತಿ ಬನಿಯನ್ ಬೆವರಲ್ಲಿ ತೊಪ್ಪೆಯಾಗಿತ್ತು.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಅಂದರೆ ನಿಮ್ಮ ಕಡೆ ಥರ್ಮಾಮೀಟರ್ ನೋಡಿ ಹೆದರಬೇಕಾಗಿಲ್ಲ, ಗಾಳಿ ಮತ್ತು ಬೆವರು ನೋಡಿ ಹೆದರಬೇಕು. 10 ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ ವೇಗದಲ್ಲಿ ಇಳಿದರೆ ಮೈಗೆ 6 ಡಿಗ್ರಿಯ ಹಾಗೆ ತಾಗುತ್ತದೆ. ಬಟ್ಟೆ ಒದ್ದೆ ಇದ್ದರೆ ಇನ್ನೂ ಕಷ್ಟ.

ಹತ್ತಿ ಬನಿಯನ್ ಬೇಡ, ಬೇಗ ಆರುವ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ ಇರಲಿ. ಹೊರಡುವಾಗ ಸ್ವಲ್ಪ ನಡುಗುವಷ್ಟು ಚಳಿ ಆಗಬೇಕು. ಮನೆ ಬಾಗಿಲಲ್ಲೇ ಬೆಚ್ಚಗಿದ್ದರೆ ಜಾಸ್ತಿ ಹಾಕಿದ್ದೀರಿ ಎಂದೇ ಅರ್ಥ, ಅರ್ಧ ಗಂಟೆಗೆ ಬೆವರುತ್ತೀರಿ. ಒಂದು ಒಣ ಬನಿಯನ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡು ನಂದಿ ಮೇಲೆ ಬದಲಾಯಿಸಿ. ಇಳಿಯುವ ಮುಂಚೆ ಎದೆಗೆ ಹಳೇ ಪೇಪರ್ ಮಡಚಿ ಇಟ್ಟುಕೊಳ್ಳಿ. ಟೂರ್ ಡಿ ಫ್ರಾನ್ಸ್ ಸವಾರರು ಆಲ್ಪ್ಸ್ ಇಳಿಯುವಾಗ ಮಾಡುತ್ತಿದ್ದದ್ದೂ ಇದನ್ನೇ. ಬೆರಳು ಮರಗಟ್ಟಿದರೆ ಉಜ್ಜಬೇಡಿ. ನಿಂತು ಕೈಯನ್ನು ಭುಜದಿಂದ ಜೋರಾಗಿ ಸುತ್ತ ತಿರುಗಿಸಿ, ರಕ್ತ ತುದಿಗೆ ಓಡುತ್ತದೆ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ. ಚಳಿಯಲ್ಲಿ ಜನ ಇದನ್ನೇ ಮರೆಯುತ್ತಾರೆ. ನಿಮ್ಮ ಕಾಲು ಸೆಳೆತಕ್ಕೆ ಅದೂ ಒಂದು ಕಾರಣ ಇರಬಹುದು.

ಚೈನ್ ಎಣ್ಣೆ
ಜನವರಿ 4, ಬೆಳಿಗ್ಗೆ 8.00

ಪೇಪರ್ ವಿಷಯ ನೂರಕ್ಕೆ ನೂರು ಸತ್ಯ. ನಮ್ಮ ಅಪ್ಪ ಹಾಲು ಹಾಕಲು ಸೈಕಲ್‌ನಲ್ಲಿ ಹೋಗುವಾಗ ಸ್ವೆಟರ್ ಒಳಗೆ ಪೇಪರ್ ಇಟ್ಟುಕೊಳ್ಳುತ್ತಿದ್ದರು.

ಹೆಬ್ಬಾಳದ ಹೈಬ್ರಿಡ್
ಜನವರಿ 4, ರಾತ್ರಿ 9.30

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹೋಗುತ್ತೇನೆ. ಎದುರು ಗಾಳಿ ಅವರೇ, ನೇರವಾಗಿ ಹೇಳಿದ್ದು ಒಳ್ಳೆಯದಾಯಿತು. ಬಂದ ಮೇಲೆ ಬರೆಯುತ್ತೇನೆ.

ಹೆಬ್ಬಾಳದ ಹೈಬ್ರಿಡ್
ಜನವರಿ 20, ರಾತ್ರಿ 8.40

ಮುಗಿಸಿದೆ. ನನ್ನ ಮೀಟರ್‌ನಲ್ಲಿ 103 ಕಿ.ಮೀ. ಮಧ್ಯಾಹ್ನ 2ಕ್ಕೆ ಬರಬೇಕಿತ್ತು, ಬಂದಿದ್ದು 4.15ಕ್ಕೆ.

ಕೆರೆ ಅಂಗಳದ ಚಳಿ ಕೆಂಪುಮಣ್ಣು ಅಣ್ಣ ಹೇಳಿದ ಹಾಗೇ ಇತ್ತು. ಆವತಿ ದಾಟಿ ಏರಿ ಇಳಿದ ಮೇಲೆ ಎಡಗೈ ಹೆಬ್ಬೆರಳಿಗೆ ಗೇರ್ ಲಿವರ್ ಇದೆಯೋ ಇಲ್ಲವೋ ತಿಳಿಯಲಿಲ್ಲ. ಒತ್ತುತ್ತಿದ್ದೇನೆ ಎಂದುಕೊಂಡಿದ್ದೆ, ಗೇರ್ ಬದಲಾಗಿರಲಿಲ್ಲ. ನಿಂತು ಕೈ ತಿರುಗಿಸಿದೆ. ಮೂರು ನಿಮಿಷಕ್ಕೆ ಜೀವ ಬಂತು, ಜೊತೆಗೆ ಸಿಕ್ಕಾಪಟ್ಟೆ ನೋವು. ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಬಂದಾಗ 7.20. ಮುಂದೆ ಬಿಸಿಲು ಬಿದ್ದಿತ್ತು. ಆ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ಕೂತ ಐದು ನಿಮಿಷ ನನಗೆ ಇನ್ನೂ ನೆನಪಾಗುತ್ತಿದೆ.

ಬೆಟ್ಟದ ತುದಿಗೆ ನಾನು ಬಂದಿದ್ದು ಮೊದಲನೆಯವರು ಬಂದ 35 ನಿಮಿಷದ ಮೇಲೆ. ಎಲ್ಲರೂ ಗಾಳಿಗೆ ಎದುರಾಗಿ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಹೆಲ್ಮೆಟ್ ಹಾಕಿಕೊಳ್ಳಲು ಶುರು ಮಾಡಿದರು. ಹೋದ ವರ್ಷದ ದೃಶ್ಯವೇ. ಈ ಸಲ ನಾನು ಬಾಯಿಬಿಟ್ಟು ಹೇಳಿದೆ, "ನನಗೆ ಹತ್ತು ನಿಮಿಷ ಬೇಕು. ಬಟ್ಟೆ ಬದಲಾಯಿಸಬೇಕು, ತಿನ್ನಬೇಕು." ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಗ ನೋಡಿದೆ, ಎದುರು ಗಾಳಿ ಅವರ ದವಡೆ ನಡುಗುತ್ತಿತ್ತು. ನನ್ನ ಹತ್ತಿರ ಇದ್ದ ಪೇಪರ್‌ನಲ್ಲಿ ಅರ್ಧ ಕೊಟ್ಟೆ. ಎಲ್ಲರೂ ಗೋಡೆಯ ಮರೆಗೆ ಹೋಗಿ ಕೂತೆವು. ಕಡಲೆಕಾಯಿ ಚಿಕ್ಕಿ ಹಂಚಿದೆವು. ಬಾಳೆಹಣ್ಣು ಕೋತಿಗಳ ಕೈಗೆ ಹೋಯಿತು.

ಅಲ್ಲೇ ಕೂತು ಮಾತಾಡಿಕೊಂಡೆವು. ಮುಂದೆ ಎಲ್ಲಿ ಸೇರುವುದು ಅನ್ನುವುದನ್ನು ಹೊರಡುವ ಮುಂಚೆಯೇ ಹೇಳಿಕೊಳ್ಳುವುದು, ಅದು ಬಿಸಿಲಿನ ಜಾಗವೋ ಅಂಗಡಿಯೋ ಆಗಿರಬೇಕು. ಹತ್ತು ನಿಮಿಷದ ಲೆಕ್ಕ ಕೊನೆಯವರು ಬಂದು ಮುಟ್ಟಿದ ಮೇಲೆ ಶುರು. ಕಾಯಲು ಆಗದಷ್ಟು ಚಳಿ ಇದ್ದರೆ ಮುಂದಿನವರು ನಿಲ್ಲದೆ ವಾಪಸ್ ತುಳಿದು ಬಂದು ಹಿಂದಿನವರ ಜೊತೆ ಸೇರುವುದು. ಇದು ಎದುರು ಗಾಳಿ ಅವರದ್ದೇ ಸಲಹೆ. ಅವರಿಗೆ ಮೈ ಬಿಸಿ, ನಮಗೆ ಜೊತೆ.

ಹೆಗ್ಗಡಿಹಳ್ಳಿ ಆದ ಮೇಲೆ ರಾಗಿ ಹಾಸು. ನಾವು ಇಳಿದು ನಡೆದೆವು, ಆದರೂ ಒಬ್ಬರು ಅಂಚಿನಲ್ಲಿ ಜಾಗ ಇದೆ ಎಂದು ತುಳಿದೇ ಹೋದರು. ಹುಲ್ಲು ಎಳೆದುಕೊಂಡು ಹ್ಯಾಂಗರ್ ಟಕ್ ಎಂದು ಮುರಿಯಿತು. ಅವರ ಹತ್ತಿರ ಇನ್ನೊಂದು ಇರಲಿಲ್ಲ, ನನ್ನದು ಹೊಂದಲಿಲ್ಲ. ಚೈನ್ ತುಂಡು ಮಾಡಿ ಒಂದೇ ಗೇರ್‌ಗೆ ಕಟ್ಟಲು ಮುಕ್ಕಾಲು ಗಂಟೆ ಆಯಿತು. ಹುಲ್ಲು ತಿರುವಿ ಹಾಕುತ್ತಿದ್ದ ಅಜ್ಜಿ ಚೊಂಬಿನಲ್ಲಿ ನೀರು ತಂದುಕೊಟ್ಟರು. "ಊರಿಂದ ಊರಿಗೆ ಸುಮ್ನೆ ತುಳಿಯಾಕೆ ಇಷ್ಟ್ ದೂರ ಬಂದ್ರಾ ಮಗಳೆ?" ಎಂದು ಕೇಳಿದರು. ಹೌದಜ್ಜಿ ಅಂದೆ. ಅವರು ಮಡಿಲಿನಿಂದ ಎರಡು ಹಿಡಿ ಅವರೆಕಾಯಿ ತೆಗೆದು ನನ್ನ ಬ್ಯಾಗಿಗೆ ಹಾಕಿದರು. ಸೊಗಡಿನ ವಾಸನೆ ಮನೆ ತನಕ ಬಂತು.

ಘಾಟಿಯಿಂದ ಮುಂದೆ ಒಂದೂವರೆ ಕಿ.ಮೀ ಹುಡಿಮಣ್ಣಿನಲ್ಲಿ ಸೈಕಲ್ ತಳ್ಳಿದೆ. 35 ಎಂಎಂ ಟೈರ್ ಅಲ್ಲಿ ಹೂತುಹೋಗುತ್ತದೆ, ಬೇರೆ ದಾರಿಯೇ ಇಲ್ಲ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಪೂರ್ವದ ಗಾಳಿ ಪೂರ್ತಿ ಎದುರು. ಈ ತಿಂಗಳಲ್ಲಿ ಗಾಳಿ ಆ ಕಡೆಯಿಂದಲೇ ಬೀಸುತ್ತದೆ ಎಂದು ಯಾರಾದರೂ ಮುಂಚೆ ಹೇಳಿದ್ದರೆ ಸುತ್ತನ್ನು ಉಲ್ಟಾ ಹಾಕಿಕೊಳ್ಳುತ್ತಿದ್ದೆವು. ಆ ಇಪ್ಪತ್ತು ಕಿ.ಮೀ ಒಂದೇ ಗೇರ್‌ನವರ ಜೊತೆ ನಾನು ಇದ್ದೆ. ಅವರ ಮುಂದೆ ನಾನು ಗಾಳಿ ಒಡೆಯುತ್ತಾ ಹೋದೆ, ಅವರು ನನ್ನ ಹಿಂದಿನ ಚಕ್ರ ಹಿಡಿದು ಬಂದರು. ಎರಡು ವರ್ಷದಲ್ಲಿ ನನ್ನ ಹಿಂದೆ ಯಾರಾದರೂ ಮರೆ ಹಿಡಿದು ಬಂದದ್ದು ಅದೇ ಮೊದಲು.

ಎದುರು ಗಾಳಿ
ಜನವರಿ 20, ರಾತ್ರಿ 10.15

ಮೇಡಂ ಬರೆದದ್ದೆಲ್ಲ ಸರಿ. ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ನಾನು ತುದಿಯಲ್ಲಿ 35 ನಿಮಿಷ ನಿಂತೆ. ಅದನ್ನು ವಿಶ್ರಾಂತಿ ಎಂದುಕೊಂಡಿದ್ದೆ. ಅವರಿಗೂ ಅದೇ 35 ನಿಮಿಷ ಆಗಿದೆ, ಆದರೆ ಅವರು ಅಷ್ಟೂ ಹೊತ್ತು ಏರು ತುಳಿಯುತ್ತಿದ್ದರು. ಇಷ್ಟು ವರ್ಷ ಗುಂಪಿನಲ್ಲಿ ಹೋಗಿದ್ದೇನೆ, ಈ ಲೆಕ್ಕ ಹಾಕಿರಲಿಲ್ಲ. "ಕಾದಿದ್ದೇವಲ್ಲ" ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಅವರವರ ವೇಗದಲ್ಲಿ ಹೋಗಿ ಎಂದು ಮೊದಲು ಬರೆದಿದ್ದನ್ನು ಮಣ್ಣು ದಾರಿಯ ಮಟ್ಟಿಗೆ ವಾಪಸ್ ತೆಗೆದುಕೊಳ್ಳುತ್ತೇನೆ.

ಪೇಪರ್‌ಗೆ ಥ್ಯಾಂಕ್ಸ್. ಇಳಿಯುವಾಗ ಎದೆ ಬೆಚ್ಚಗಿತ್ತು.

ಕೆಂಪುಮಣ್ಣು
ಜನವರಿ 21, ಬೆಳಿಗ್ಗೆ 6.50

ಗಾಳಿಯ ವಿಷಯ ನಾನೇ ಹೇಳಬೇಕಿತ್ತು, ಮರೆತೆ. ಕ್ಷಮಿಸಿ ಅಕ್ಕ. ಮುಂದಿನ ಸಲ ದೊಡ್ಡಬಳ್ಳಾಪುರದ ಕಡೆ ಮೊದಲು ಹೋಗಿ. ಬೆಳಿಗ್ಗೆ ಗಾಳಿ ಕಡಿಮೆ ಇರುತ್ತದೆ, ಇದ್ದರೂ ಬೆನ್ನಿಗೆ. ಆದರೆ ಆಗ ನಂದಿ ಏರು ಬಿಸಿಲಲ್ಲಿ ಬರುತ್ತದೆ, ಅದಕ್ಕೆ ನೀರು ಜಾಸ್ತಿ ಇಟ್ಟುಕೊಳ್ಳಬೇಕು.

ಕಣದ ಮನೆ
ಜನವರಿ 21, ಮಧ್ಯಾಹ್ನ 12.40

ನೀವು ಹೇಳಿದ ಆ ಜಾಗ ನನಗೆ ಗೊತ್ತಾಯಿತು. ಅಲ್ಲಿ ಇನ್ನು ಎಂಟು ಹತ್ತು ದಿನಕ್ಕೆ ಒಕ್ಕಣೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಬಂದರೆ ರಸ್ತೆ ಖಾಲಿ. ಹುಡಿಮಣ್ಣಿನ ಆ ಒಂದೂವರೆ ಕಿ.ಮೀ ತಪ್ಪಿಸಲು ಊರೊಳಗಿಂದ ಬಲಕ್ಕೆ ಒಂದು ಗಟ್ಟಿ ದಾರಿ ಇದೆ, ಹಾಲಿನ ಡೇರಿ ಪಕ್ಕ. ಹೊರಡುವ ಹಿಂದಿನ ದಿನ ಇಲ್ಲಿ ಒಂದು ಮಾತು ಹಾಕಿ. ನಾನು ಡೇರಿ ಹತ್ತಿರ ನಿಂತಿರುತ್ತೇನೆ, ಎಂಟು ಜನರಿಗೂ ಟೀ ನಮ್ಮ ಮನೆಯಲ್ಲೇ.

ಹೆಬ್ಬಾಳದ ಹೈಬ್ರಿಡ್
ಜನವರಿ 21, ಮಧ್ಯಾಹ್ನ 1.10

ಖಂಡಿತ ಬರುತ್ತೇವೆ ಅಣ್ಣ. ಫೆಬ್ರವರಿ ಎರಡನೇ ಭಾನುವಾರ. ಒಂಬತ್ತು ಜನ ಆಗಬಹುದು, ನನ್ನ ತಂಗಿಯೂ ಬರುತ್ತೇನೆ ಎನ್ನುತ್ತಿದ್ದಾಳೆ. ಅವಳದು ಹಳೇ ಎಂಟಿಬಿ. ಚೈನ್ ಎಣ್ಣೆ ಅವರೇ, ಶನಿವಾರ ಅಂಗಡಿ ಎಷ್ಟು ಗಂಟೆಗೆ ತೆಗೆಯುತ್ತೀರಿ? ಅವಳ ಬ್ರೇಕ್ ಪ್ಯಾಡ್ ಸವೆದಿದೆ, ನನಗೂ ಎರಡು ಟ್ಯೂಬ್ ಬೇಕು.